ಡೇಟಮ್ ಮತ್ತು ದೀರ್ಘವೃತ್ತಜ

ಭೂಮಿಯ ಮೇಲಿನ ಜಾಗಗಳನ್ನು ಅಕ್ಷಾಂಶ, ರೇಖಾಂಶಗಳ ಅಂಕಿಗಳಲ್ಲಿ ಗುರುತಿಸಲು ನಕ್ಷೆ ತಂತ್ರಾಂಶಗಳು ಆಧರಿಸುವ ಎರಡು ಕಲ್ಪನೆಗಳು. ಧ್ರುವಗಳಲ್ಲಿ ತುಸು ಚಪ್ಪಟೆಯಾದ ಭೂಮಿಯ ಗಣಿತರೂಪವೇ ದೀರ್ಘವೃತ್ತಜ. ಅದನ್ನು ನಿಜವಾದ ಭೂಮಿಗೆ ಎಲ್ಲಿ, ಹೇಗೆ ಕೂರಿಸಬೇಕೆಂಬ ಕಟ್ಟುಪಾಡು ಡೇಟಮ್. ಡೇಟಮ್ ಹೇಳದ ಅಂಕಿ ಅರ್ಧ ವಿಳಾಸವಿದ್ದಂತೆ. ಬರೀ ‘ಕೊಣ್ಣೂರ’ ಎಂದರೆ ಗೋಕಾಕ ತಾಲ್ಲೂಕಿನದೋ ನರಗುಂದ ತಾಲ್ಲೂಕಿನದೋ ತಿಳಿಯುವುದಿಲ್ಲ.

ಭಾರತದ ಹಳೆಯ ಸ್ಥಳಾಕೃತಿ ನಕ್ಷೆಗಳಿಗೆ ಎವರೆಸ್ಟ್ ದೀರ್ಘವೃತ್ತಜ ಆಧಾರ. ಜಿಪಿಎಸ್ ಹಾಗೂ 2005ರ ರಾಷ್ಟ್ರೀಯ ನಕ್ಷೆ ನೀತಿಯಂತೆ ಬಂದ ಮುಕ್ತ ಸರಣಿ ನಕ್ಷೆಗಳಿಗೆ ಡಬ್ಲ್ಯುಜಿಎಸ್ 84 ಎಂಬ ಜಾಗತಿಕ ಡೇಟಮ್ ಆಧಾರ.

ಇತಿಹಾಸ

ಮೋಜಣಿದಾರ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆ ಅಳೆದ. 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ ಮಹಾ ತ್ರಿಕೋಣಮಿತಿ ಮೋಜಣಿಯ ಅಳತೆ ಆರಂಭಿಸಿದ. ಅವನ ನಂತರ ಜಾರ್ಜ್ ಎವರೆಸ್ಟ್ 1830ರಲ್ಲಿ ಪ್ರಕಟಿಸಿದ ರೇಖಾಂಶ ಚಾಪದ ದಕ್ಷಿಣ ತುದಿ ಬೀದರಿನ ಸಮೀಪದ ದಾಮರಗಿಡ್ಡ, ಉತ್ತರ ತುದಿ ಮಧ್ಯಪ್ರದೇಶದ ಸಿರೋಂಜ್ ಬಳಿಯ ಕಲ್ಯಾಣಪುರ. ಮುಂದೆ ಭಾರತದ ಡೇಟಮ್ಮಿನ ಮೂಲಬಿಂದುವಾದದ್ದು ಕಲ್ಯಾಣಪುರ.

ಭೂಮಿಯ ಗಾತ್ರದ ಬಗ್ಗೆ ಎವರೆಸ್ಟನ ಲೆಕ್ಕ ಇದ್ದದ್ದು ಅಡಿಯಲ್ಲಿ. ಭೂಮಧ್ಯರೇಖೆಯ ತ್ರಿಜ್ಯ 2,09,22,931.8 ಅಡಿ. ಈ ‘ಭಾರತೀಯ ಅಡಿ’ ಎಷ್ಟು ಮೀಟರ್ ಎಂಬ ಬಗ್ಗೆ ಕಾಲಕಾಲಕ್ಕೆ ಬೇರೆ ಬೇರೆ ಬೆಲೆಗಳು ಬಳಕೆಗೆ ಬಂದವು. 0.30479841 ಎಂದು ಹಿಡಿದರೆ ತ್ರಿಜ್ಯ 63,77,276.345 ಮೀಟರ್, 0.3047995 ಎಂದರೆ 63,77,299.151, 0.3047996 ಎಂದರೆ 63,77,301.243. ಅಡಿಯ ಏಳನೆಯ ದಶಮಾಂಶ ಸ್ಥಾನ ಒಂದಂಕಿ ಕದಲಿದರೆ ಭೂಮಿ ಎರಡು ಮೀಟರ್ ಹಿಗ್ಗುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಬಳಸುವ ‘ಪ್ರೋಜ್’ ತಂತ್ರಾಂಶದಲ್ಲಿ ಎವರೆಸ್ಟ್ ಹೆಸರಿನ ಐದು ದೀರ್ಘವೃತ್ತಜಗಳಿರುವುದಕ್ಕೆ ಒಂದು ಕಾರಣ ಇದು. ಪಟ್ಟಿಯಲ್ಲಿ ಮೊದಲು ಕಂಡ ಎವರೆಸ್ಟನ್ನೇ ಆರಿಸುವುದು ಸಾಮಾನ್ಯ ತಪ್ಪು.

ಡಬ್ಲ್ಯುಜಿಎಸ್ 84ರ ತ್ರಿಜ್ಯ 63,78,137 ಮೀಟರ್. ಕೊನೆಯ ಎವರೆಸ್ಟ್ ಬೆಲೆಗಿಂತ ಇದು 836 ಮೀಟರಿನಷ್ಟು ದೊಡ್ಡದು. ಇದರ ಕೇಂದ್ರ ಭೂಮಿಯ ದ್ರವ್ಯರಾಶಿಯ ಕೇಂದ್ರದಲ್ಲಿದೆ. ಎವರೆಸ್ಟ್ ರೂಪವನ್ನು ಭಾರತದ ನೆಲಕ್ಕೆ ಹೊಂದುವಂತೆ ಕೂರಿಸಿದ್ದರಿಂದ ಅದರ ಕೇಂದ್ರ ಬೇರೆಡೆ ಬೀಳುತ್ತದೆ.

ಪರಿವರ್ತನೆ: ಕೊಣ್ಣೂರಿನ ಉದಾಹರಣೆ

ಗೋಕಾಕ ತಾಲ್ಲೂಕಿನ, ಘಟಪ್ರಭೆಯ ದಂಡೆಯ ಕೊಣ್ಣೂರ ಸುಮಾರು 16.2 ಡಿಗ್ರಿ ಉತ್ತರ, 74.75 ಡಿಗ್ರಿ ಪೂರ್ವದಲ್ಲಿದೆ. ಹಳೆಯ ನಕ್ಷಾ ಕ್ರಮದಲ್ಲಿ 47ನೇ ಹಾಳೆಯ ವ್ಯಾಪ್ತಿ. ಎವರೆಸ್ಟ್‌ನಿಂದ ಡಬ್ಲ್ಯುಜಿಎಸ್ 84ಕ್ಕೆ ಬದಲಿಸಲು ಭಾರತಕ್ಕೆ ಹೆಚ್ಚಾಗಿ ಬಳಸುವ ಕೇಂದ್ರದ ಪಲ್ಲಟಗಳು ಎಕ್ಸ್ 295, ವೈ 736, ಝಡ್ 257 ಮೀಟರ್. ಇವನ್ನು ಇಲ್ಲಿಗೆ ಅನ್ವಯಿಸಿದರೆ ಹಳೆಯ ಅಕ್ಷಾಂಶಕ್ಕೆ ಸುಮಾರು 4 ಸೆಕೆಂಡು ಕೂಡಿಸಬೇಕು, ರೇಖಾಂಶದಲ್ಲಿ ಸುಮಾರು 3 ಸೆಕೆಂಡು ಕಳೆಯಬೇಕು. ಹಾಗೆ ಮಾಡದೆ ಹಳೆಯ ಅಂಕಿಗಳನ್ನು ನೇರ ಜಿಪಿಎಸ್ ನಕ್ಷೆಗೆ ಹಾಕಿದರೆ ಜಾಗ ಸುಮಾರು 125 ಮೀಟರ್ ದಕ್ಷಿಣಕ್ಕೆ, 90 ಮೀಟರ್ ಪೂರ್ವಕ್ಕೆ ಸರಿಯುತ್ತದೆ. ಒಟ್ಟು 155 ಮೀಟರ್. ಹೋಲಿಕೆಗೆ, ಹತ್ತಿರದ ಗೋಕಾಕ ಜಲಪಾತದ ಅಗಲವೇ ಸುಮಾರು 177 ಮೀಟರ್. ಈ ಪಲ್ಲಟಗಳಲ್ಲೇ ಒಂದೊಂದು ಅಕ್ಷಕ್ಕೆ 10ರಿಂದ 15 ಮೀಟರ್ ಅನಿಶ್ಚಿತತೆಯಿದೆ. ಹೊಲದ ಬದುವಿನ ತಕರಾರಿಗೆ ಇವು ಸಾಲವು.

ಎತ್ತರ

ಎತ್ತರದ ಆಧಾರ ಬೇರೆ. 1909ರ ಹೊಂದಾಣಿಕೆಯಲ್ಲಿ ಒಂಬತ್ತು ಬಂದರುಗಳ ಸರಾಸರಿ ಸಮುದ್ರಮಟ್ಟವನ್ನು ಶೂನ್ಯವೆಂದು ಹಿಡಿಯಲಾಯಿತು, ಕಾರವಾರ ಅವುಗಳಲ್ಲೊಂದು. ಜಿಪಿಎಸ್ ಕೊಡುವುದು ದೀರ್ಘವೃತ್ತಜದಿಂದ ಅಳೆದ ಎತ್ತರ. ಬೆಂಗಳೂರಿನಲ್ಲಿ ಅದು ಸಮುದ್ರಮಟ್ಟದ ಎತ್ತರಕ್ಕಿಂತ ಸುಮಾರು 85 ಮೀಟರ್ ಕಡಿಮೆ.

ಕಂದಾಯ ನಕ್ಷೆಗಳು

ಹಳೆಯ ಮುಂಬೈ ಪ್ರಾಂತದ ಬೆಳಗಾವಿ ಸೀಮೆಯಲ್ಲಿ ಹೊಲಗಳನ್ನು 33 ಅಡಿಯ ಸರಪಳಿಯಿಂದ ಅಳೆದರು. ಸರಪಳಿಯುದ್ದದ ಚೌಕವೇ ಒಂದು ಗುಂಟೆ. ಆ ಗ್ರಾಮ ನಕ್ಷೆ, ಟಿಪ್ಪಣಿಗಳಿಗೆ ಅಕ್ಷಾಂಶವಿಲ್ಲ, ಡೇಟಮ್ಮೂ ಇಲ್ಲ. ಅವನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸಿದ ಮೇಲೆಯೇ ‘ದಿಶಾಂಕ್’ನಂಥ ಆ್ಯಪ್‌ಗಳಲ್ಲಿ ಸರ್ವೆ ನಂಬರು ಕಾಣುವುದು. ಹೊಂದಿಸುವಾಗ ಆದ ತಪ್ಪು ಡೇಟಮ್ ಬದಲಿಸಿದರೆ ಸರಿಹೋಗುವಂಥದ್ದಲ್ಲ. ಪರದೆಯ ಗೆರೆಗೂ ಬಾಂದು ಕಲ್ಲಿಗೂ ತಾಳೆಯಾಗದಿದ್ದರೆ ಪರಿಶೀಲಿಸಬೇಕಾದದ್ದು ಮೊದಲು ಗೆರೆಯನ್ನು.