ಮತಪೆಟ್ಟಿಗೆಗೆ ಮುನ್ನ ಗಲ್ಲಾಪೆಟ್ಟಿಗೆ

1900ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ವಿಶಿಷ್ಟ ಸಭೆ ಸೇರಿತು. ಅಲ್ಲಿಗೆ ಬಂದವರಲ್ಲಿ ದಿನಸಿ ವ್ಯಾಪಾರಿಗಳು, ಕ್ಷೌರದ ಅಂಗಡಿಯ ಮಾಲೀಕರು, ದರ್ಜಿಗಳು, ಔಷಧಿ ಅಂಗಡಿ ಇಟ್ಟವರು, ಶವಸಂಸ್ಕಾರದ ಏರ್ಪಾಟನ್ನೇ ಕಸುಬಾಗಿಸಿಕೊಂಡವರು ಇದ್ದರು. ಎಲ್ಲರೂ ಕಪ್ಪು ಜನ. ಅವರಲ್ಲಿ ಹಲವರು ಗುಲಾಮರಾಗಿಯೇ ಹುಟ್ಟಿದವರು. ಆ ಸಭೆಯಲ್ಲಿ ಜನ್ಮ ತಾಳಿದ ಸಂಸ್ಥೆಯೇ 'ನ್ಯಾಷನಲ್ ನೀಗ್ರೋ ಬಿಸಿನೆಸ್ ಲೀಗ್'. ಕಪ್ಪು ವ್ಯಾಪಾರಿಗಳನ್ನು ರಾಷ್ಟ್ರಮಟ್ಟದಲ್ಲಿ ಒಂದುಗೂಡಿಸಿದ ಈ ಸಂಘದ ಕಥೆ ಬರೀ ವ್ಯಾಪಾರದ ಕಥೆಯಲ್ಲ. ಹಕ್ಕು ಕಳೆದುಕೊಂಡ ಸಮುದಾಯವೊಂದು ಮೊದಲು ಹಣ ಗಳಿಸಬೇಕೋ, ಹಕ್ಕಿಗಾಗಿ ಹೋರಾಡಬೇಕೋ ಎಂಬ ದೊಡ್ಡ ಪ್ರಶ್ನೆಯ ಕಥೆಯೂ ಹೌದು.

ಲೀಗಿನ ಸ್ಥಾಪಕ ಬುಕರ್ ಟಿ. ವಾಷಿಂಗ್ಟನ್. 1856ರಲ್ಲಿ ವರ್ಜೀನಿಯಾದ ತೋಟವೊಂದರಲ್ಲಿ ಗುಲಾಮಳ ಮಗನಾಗಿ ಹುಟ್ಟಿದ ಅವರು 1881ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಕಸುಬು ಕಲಿಸುವ ಶಾಲೆಯ ಮುಖ್ಯಸ್ಥರಾದರು. ಶತಮಾನದ ಅಂತ್ಯದ ಹೊತ್ತಿಗೆ ಅಮೆರಿಕದ ಅತ್ಯಂತ ಪ್ರಭಾವಿ ಕಪ್ಪು ನಾಯಕ ಅವರೇ.

ಅವರು ವ್ಯಾಪಾರದ ದಾರಿ ಹಿಡಿದದ್ದೇಕೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1865ರಲ್ಲಿ ಗುಲಾಮಗಿರಿ ಕೊನೆಗೊಂಡಿತು. ಬಿಡುಗಡೆಯಾದವರಿಗೆ ಮತದಾನದ ಹಕ್ಕೂ ಬಂತು. ಆದರೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಅಕ್ಷರ ಪರೀಕ್ಷೆ, ಮತ ತೆರಿಗೆಗಳ ನೆಪದಲ್ಲಿ ಆ ಹಕ್ಕನ್ನು ಕಸಿದವು. 1896ರಲ್ಲಿ ಸುಪ್ರೀಂ ಕೋರ್ಟ್ ಪ್ರತ್ಯೇಕತೆಯ ಕಾನೂನನ್ನೇ ಎತ್ತಿಹಿಡಿಯಿತು. ಉಳಿತಾಯಕ್ಕೂ ಭದ್ರತೆ ಇರಲಿಲ್ಲ. ಬಿಡುಗಡೆ ಹೊಂದಿದವರಿಗೆಂದೇ 1865ರಲ್ಲಿ ಸ್ಥಾಪನೆಯಾದ 'ಫ್ರೀಡ್‌ಮನ್ಸ್ ಬ್ಯಾಂಕ್' 1874ರಲ್ಲಿ ಬಾಗಿಲು ಹಾಕಿದಾಗ 61 ಸಾವಿರ ಠೇವಣಿದಾರರ ಸುಮಾರು 30 ಲಕ್ಷ ಡಾಲರ್ ಅದರಲ್ಲಿ ಸಿಕ್ಕಿಕೊಂಡಿತ್ತು.

ಮತ ಇಲ್ಲ, ನ್ಯಾಯಾಲಯದ ಆಸರೆ ಇಲ್ಲ. ಇಂಥ ಹೊತ್ತಿನಲ್ಲಿ ವಾಷಿಂಗ್ಟನ್ ಹೇಳಿದ್ದು ಇಷ್ಟೆ: ದುಡಿಯಿರಿ, ಉಳಿಸಿರಿ, ಅಂಗಡಿ ತೆರೆಯಿರಿ, ಆಸ್ತಿ ಮಾಡಿರಿ, ಊರಿಗೆ ಬೇಕಾದವರಾದರೆ ಮರ್ಯಾದೆ ತಾನಾಗಿ ಬರುತ್ತದೆ.

ಯಾರ ಕಲ್ಪನೆ?

ಲೀಗಿನ ಹುಟ್ಟಿನಲ್ಲೇ ಒಂದು ವಿವಾದವಿದೆ. 1899ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದ ಯುವ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಕಪ್ಪು ವ್ಯಾಪಾರಿಗಳ ಬಗ್ಗೆ ಸಮೀಕ್ಷೆ ನಡೆಸಿ ಸುಮಾರು 1,900 ಮಂದಿಯ ವಿವರ ಕಲೆಹಾಕಿದ್ದರು. ಊರೂರಿನಲ್ಲಿ ವ್ಯಾಪಾರಿಗಳ ಸಂಘಗಳಾಗಬೇಕೆಂದು ಅವರ ಸಮ್ಮೇಳನ ಸಲಹೆ ಮಾಡಿತ್ತು. ಮರುವರ್ಷವೇ ವಾಷಿಂಗ್ಟನ್ ಸಂಘ ಕಟ್ಟಿದಾಗ, ಇದು ಡುಬಾಯ್ಸ್ ಅವರ ಕಲ್ಪನೆಯನ್ನು ಎತ್ತಿಕೊಂಡದ್ದು ಎಂದು ಪತ್ರಕರ್ತೆ ಐಡಾ ಬಿ. ವೆಲ್ಸ್ ಟೀಕಿಸಿದರು. ಮುಂದೆ ಡುಬಾಯ್ಸ್ ಮತ್ತು ವಾಷಿಂಗ್ಟನ್ ಎರಡು ಧ್ರುವಗಳಾದರು. ಮತದಾನದ ಹಕ್ಕಿಲ್ಲದವನ ಆಸ್ತಿಗೆ ರಕ್ಷಣೆ ಎಲ್ಲಿ ಎಂಬುದು ಡುಬಾಯ್ಸ್ ವಾದ. ಬಹಿರಂಗವಾಗಿ ರಾಜಕೀಯದಿಂದ ದೂರವಿದ್ದ ವಾಷಿಂಗ್ಟನ್, ಮತದಾನದ ಹಕ್ಕಿನ ಮೊಕದ್ದಮೆಗಳಿಗೆ ಗುಟ್ಟಾಗಿ ಹಣ ಕೊಡುತ್ತಿದ್ದರೆಂಬುದು ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಇತಿಹಾಸಕಾರರಿಗೆ ತಿಳಿಯಿತು.

ಲೀಗಿನ ಕೆಲಸದ ರೀತಿ ಸರಳವಾಗಿತ್ತು. ವರ್ಷಕ್ಕೊಂದು ಊರಿನಲ್ಲಿ ಅಧಿವೇಶನ. ಅಲ್ಲಿ ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಾವು ಎಷ್ಟು ಬಂಡವಾಳದಿಂದ ಆರಂಭಿಸಿದೆವು, ಹೇಗೆ ಬೆಳೆದೆವು ಎಂದು ಹೇಳಬೇಕು. ಉಳಿದವರಿಗೆ ಅದೇ ಪಾಠ. ವಾಷಿಂಗ್ಟನ್ ನಿಧನರಾದ 1915ರ ವೇಳೆಗೆ 34 ರಾಜ್ಯಗಳಲ್ಲಿ ಲೀಗಿಗೆ 600ಕ್ಕೂ ಹೆಚ್ಚು ಶಾಖೆಗಳಿದ್ದವು. ಬ್ಯಾಂಕಿನವರು, ಪತ್ರಿಕೆಯವರು, ಶವಸಂಸ್ಕಾರದ ಉದ್ಯಮದವರು ತಮ್ಮತಮ್ಮ ಸಂಘಗಳನ್ನು ಅದರ ಆಶ್ರಯದಲ್ಲಿ ಕಟ್ಟಿಕೊಂಡರು.

ವಿಪರ್ಯಾಸವೆಂದರೆ, ಈ ವ್ಯಾಪಾರಗಳನ್ನು ಬೆಳೆಸಿದ್ದು ಪ್ರತ್ಯೇಕತೆಯೇ. ಬಿಳಿಯರ ಹಲವು ವಿಮಾ ಕಂಪನಿಗಳು ಕಪ್ಪು ಜನರಿಗೆ ಪಾಲಿಸಿ ಕೊಡುತ್ತಿರಲಿಲ್ಲ. ಆದ್ದರಿಂದ ಗುಲಾಮಗಿರಿಯಲ್ಲಿ ಹುಟ್ಟಿ ಕ್ಷೌರಿಕರಾಗಿದ್ದ ಜಾನ್ ಮೆರಿಕ್ ಮತ್ತು ಗೆಳೆಯರು 1898ರಲ್ಲಿ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ತಮ್ಮದೇ ವಿಮಾ ಕಂಪನಿ ಕಟ್ಟಿದರು. 1903ರಲ್ಲಿ ರಿಚ್‌ಮಂಡ್‌ನಲ್ಲಿ ಮ್ಯಾಗಿ ಲೀನಾ ವಾಕರ್ ಎಂಬ ಮಹಿಳೆ ಬಡವರ ಚಿಲ್ಲರೆ ಕಾಸನ್ನೇ ನೆಚ್ಚಿಕೊಂಡು ಬ್ಯಾಂಕ್ ತೆರೆದರು.

ಎದ್ದು ನಿಂತ ಮಹಿಳೆ

ಆದರೂ ಲೀಗಿನ ವೇದಿಕೆ ಹೆಚ್ಚಾಗಿ ಗಂಡಸರದ್ದೇ ಆಗಿತ್ತು. 1912ರ ಷಿಕಾಗೋ ಅಧಿವೇಶನದ ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೂದಲಿನ ಆರೈಕೆಯ ಸಾಮಗ್ರಿ ತಯಾರಿಸಿ ಹೆಸರಾಗಿದ್ದ ಮೇಡಂ ಸಿ.ಜೆ. ವಾಕರ್ ಮಾತಿಗೆ ಅವಕಾಶ ಕೇಳಿದ್ದರು. ಪತ್ರಿಕೆಯೊಂದರ ಪ್ರಕಾಶಕರು ಅವರ ಪರವಾಗಿ ಶಿಫಾರಸು ಮಾಡಿದರೂ ವಾಷಿಂಗ್ಟನ್ ಕಿವಿಗೊಡಲಿಲ್ಲ. ಕೊನೆಯ ದಿನ ವಾಕರ್ ಕರೆಯದೆಯೇ ಎದ್ದು ನಿಂತರು. ತಾನು ದಕ್ಷಿಣದ ಹತ್ತಿ ಹೊಲದಿಂದ ಬಂದವಳು; ಅಲ್ಲಿಂದ ಬಟ್ಟೆ ಒಗೆಯುವ ಕೆಲಸಕ್ಕೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ತನ್ನನ್ನು ತಾನೇ ಬಡ್ತಿ ಕೊಟ್ಟುಕೊಂಡು ಉದ್ಯಮಕ್ಕೆ ಬಂದವಳು; ಕಾರ್ಖಾನೆ ಕಟ್ಟಿದ್ದೂ ತನ್ನ ಸ್ವಂತ ನೆಲದಲ್ಲೇ ಎಂದು ಸಭೆಗೆ ತಿಳಿಸಿದರು. ಮರುವರ್ಷ ಫಿಲಡೆಲ್ಫಿಯಾದ ಅಧಿವೇಶನಕ್ಕೆ ಅವರನ್ನು ಆಹ್ವಾನಿತ ಭಾಷಣಕಾರರಾಗಿಯೇ ಕರೆಯಲಾಯಿತು.

ಸುಟ್ಟುಹೋದ ಬೀದಿ

ಆಸ್ತಿ ಮಾಡಿದರೆ ಮರ್ಯಾದೆ ಬರುತ್ತದೆಂಬ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು 1921ರದ್ದು. ಒಕ್ಲಹೋಮಾದ ಟಲ್ಸಾ ನಗರದ ಗ್ರೀನ್‌ವುಡ್ ಬಡಾವಣೆ ಕಪ್ಪು ಜನರ ಹೋಟೆಲ್, ಚಿತ್ರಮಂದಿರ, ವೈದ್ಯರ ಷಾಪು, ಪತ್ರಿಕಾ ಕಚೇರಿಗಳಿಂದ ತುಂಬಿತ್ತು. ಬಿಳಿಯ ಹುಡುಗಿಯ ಮೇಲೆ ಕಪ್ಪು ಯುವಕನೊಬ್ಬ ಕೈಮಾಡಿದನೆಂಬ ಆರೋಪವೇ ಕಿಡಿಯಾಯಿತು. ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪುಗಳು ಸುಮಾರು 35 ಬೀದಿಚೌಕಗಳನ್ನು ಸುಟ್ಟು ಬೂದಿ ಮಾಡಿದವು. ಸಾವಿರಕ್ಕೂ ಹೆಚ್ಚು ಮನೆಗಳು ನಾಶವಾದವು. ಸತ್ತವರ ಸಂಖ್ಯೆ 300ರವರೆಗೆ ಇರಬಹುದೆಂಬ ಅಂದಾಜಿದೆ. ಗಲಭೆಯಿಂದಾದ ನಷ್ಟಕ್ಕೆ ಪರಿಹಾರ ಇಲ್ಲವೆಂದು ವಿಮಾ ಕಂಪನಿಗಳು ಕೈಚೆಲ್ಲಿದವು. ಮತ್ತೆ ಕಟ್ಟಬೇಕಾದರೆ ಬೆಂಕಿಗೆ ಜಗ್ಗದ ದುಬಾರಿ ಸಾಮಗ್ರಿಯನ್ನೇ ಬಳಸಬೇಕೆಂದು ನಗರಾಡಳಿತ ನಿಯಮ ತಂದಿತು. ಬಿ.ಸಿ. ಫ್ರ್ಯಾಂಕ್ಲಿನ್ ಎಂಬ ಕಪ್ಪು ವಕೀಲರು ಡೇರೆಯಲ್ಲೇ ಕಚೇರಿ ನಡೆಸಿ ಆ ನಿಯಮದ ವಿರುದ್ಧ ಹೋರಾಡಿ ಗೆದ್ದರು.

ನಾಲ್ಕು ವರ್ಷಗಳ ನಂತರ, 1925ರಲ್ಲಿ, ಲೀಗ್ ತನ್ನ ವಾರ್ಷಿಕ ಅಧಿವೇಶನವನ್ನು ಇದೇ ಟಲ್ಸಾದಲ್ಲಿ ನಡೆಸಿತು. ದೇಶದ ವ್ಯಾಪಾರಿಗಳು ಬಂದು ನೋಡಿದ್ದು ಬೂದಿಯ ಮೇಲೆ ಎದ್ದ ಅಂಗಡಿಗಳನ್ನು. ಲೀಗಿನ ದೀರ್ಘ ಇತಿಹಾಸದಲ್ಲಿ ಇದಕ್ಕಿಂತ ಅರ್ಥಪೂರ್ಣವಾದ ಅಧಿವೇಶನ ಇನ್ನೊಂದು ಇರಲಾರದು. ಒಂದೇ ಊರಿನಲ್ಲಿ ವಾಷಿಂಗ್ಟನ್ ಅವರ ಛಲವೂ ಡುಬಾಯ್ಸ್ ಅವರ ಎಚ್ಚರಿಕೆಯೂ ನಿಜವಾಗಿದ್ದವು.

ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಲೀಗಿನ ವಿಚಾರ ಅಡುಗೆಮನೆಗೂ ಬಂತು. ಅದರ ಪದಾಧಿಕಾರಿಯೊಬ್ಬರ ಭಾಷಣ ಕೇಳಿದ ಫ್ಯಾನಿ ಪೆಕ್ 1930ರಲ್ಲಿ ಡೆಟ್ರಾಯಿಟ್‌ನಲ್ಲಿ 50 ಮಹಿಳೆಯರೊಂದಿಗೆ ಗೃಹಿಣಿಯರ ಲೀಗ್ ಕಟ್ಟಿದರು. ಮನೆಯ ಖರ್ಚಿನ ಹಣ ಹೆಂಗಸರ ಕೈಯಲ್ಲಿದೆ, ಅದನ್ನು ಕಪ್ಪು ವ್ಯಾಪಾರಿಗಳಲ್ಲಿ, ಕಪ್ಪು ಯುವಕರಿಗೆ ಕೆಲಸ ಕೊಡುವ ಅಂಗಡಿಗಳಲ್ಲಿ ಖರ್ಚು ಮಾಡೋಣ ಎಂಬುದು ಅವರ ಸೂತ್ರ. 1935ರ ವೇಳೆಗೆ ಸದಸ್ಯೆಯರ ಸಂಖ್ಯೆ 10 ಸಾವಿರ ಮುಟ್ಟಿತು.

1964ರ ನಾಗರಿಕ ಹಕ್ಕುಗಳ ಕಾಯ್ದೆ ಪ್ರತ್ಯೇಕತೆಯ ಗೋಡೆಯನ್ನು ಕೆಡವಿತು. ಗಿರಾಕಿಗೆ ಎಲ್ಲ ಅಂಗಡಿಗಳ ಬಾಗಿಲೂ ತೆರೆಯಿತು. ಅದರ ಜೊತೆಗೇ ಎಷ್ಟೋ ಹಳೆಯ ಕಪ್ಪು ಅಂಗಡಿಗಳು ಗಿರಾಕಿಗಳನ್ನು ಕಳೆದುಕೊಂಡವು. 1966ರಲ್ಲಿ ಲೀಗ್ 'ನ್ಯಾಷನಲ್ ಬಿಸಿನೆಸ್ ಲೀಗ್' ಎಂದು ಹೆಸರು ಬದಲಿಸಿಕೊಂಡಿತು. ಹೊಸ ತಲೆಮಾರಿನ ಪದವೀಧರರು ದೊಡ್ಡ ಕಂಪನಿಗಳ ಮೆಟ್ಟಿಲೇರಿದಾಗ ಹೊಸ ಸಂಘಗಳು ಹುಟ್ಟಿದವು. 1970ರಲ್ಲಿ ಕಪ್ಪು ಎಂಬಿಎ ಪದವೀಧರರ ಸಂಘ, 1986ರಲ್ಲಿ 19 ಮಂದಿ ಹಿರಿಯ ಅಧಿಕಾರಿಗಳು ಸೇರಿ ಕಟ್ಟಿದ 'ಎಕ್ಸಿಕ್ಯೂಟಿವ್ ಲೀಡರ್‌ಶಿಪ್ ಕೌನ್ಸಿಲ್' ಇದಕ್ಕೆ ಉದಾಹರಣೆ.

ಗಲ್ಲಾಪೆಟ್ಟಿಗೆ ಮೊದಲೋ, ಮತಪೆಟ್ಟಿಗೆ ಮೊದಲೋ ಎಂಬ ಜಗಳ ಈಗ ಹಳೆಯದಾಗಿದೆ. ಹಕ್ಕಿಲ್ಲದ ಹಣ ಒಂದೇ ರಾತ್ರಿಯಲ್ಲಿ ಬೂದಿಯಾಗಬಹುದೆಂದು ಗ್ರೀನ್‌ವುಡ್ ಕಲಿಸಿತು. ಆದರೆ ಬೂದಿಯಾದ ಬೀದಿಯನ್ನು ಮತ್ತೆ ಕಟ್ಟಲು ನ್ಯಾಯಾಲಯದ ತೀರ್ಪಿನಷ್ಟೇ ವ್ಯಾಪಾರಿಯ ಕಸುಬೂ ಬೇಕಾಯಿತು ಎಂಬುದನ್ನೂ ಅದೇ ಊರು ಕಲಿಸಿತು.