ಹಳೆಯ ಬ್ರೌಸರುಗಳ ಮೋಹವೂ ಅಪಾಯವೂ

ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಕೊರೆಯಿಸಿದ ಅಕ್ಷರಗಳು ಎರಡು ಸಹಸ್ರ ವರ್ಷಗಳಿಗೂ ಮೀರಿ ಅಳಿಯದೆ ಉಳಿದುವು. ಆದರೆ ಅವನ್ನು ಓದುವ ವಿದ್ಯೆಯು ನಡುವೆ ಲುಪ್ತವಾಗಿದ್ದಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮೀ ಲಿಪಿಯನ್ನು ಬಿಡಿಸಿದ್ದುದರಿಂದಲೇ, 1915ರಲ್ಲಿ ಈ ಶಾಸನವು ಬೆಳಕಿಗೆ ಬಂದಾಗ ಅದರೊಳಗಿನ ಅಶೋಕನ ಹೆಸರನ್ನು ಪಂಡಿತರು ಗುರುತಿಸಬಲ್ಲವರಾದರು. ಅಕ್ಷರವಿದ್ದರೆ ಸಾಲದು, ಓದಿಸುವ ಸಾಧನವೂ ಬೇಕು. ಗಣಕಯಂತ್ರಕ್ಕೆ ಕನ್ನಡವು ಬಂದಾಗಲೂ ಇದೇ ತೊಡಕು ತಲೆದೋರಿತು.

ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪದ್ಧತಿಯು 1991ರಲ್ಲಿಯೇ ಕನ್ನಡಕ್ಕೆ ಸ್ಥಾನವನ್ನು ಕೊಟ್ಟಿದ್ದರೂ ಅದು ರೂಢಿಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಿ ಅಂತರ್ಜಾಲದ ಪುಟಗಳನ್ನು ರಚಿಸುತ್ತಿದ್ದರು. ತಕ್ಕ ಫಾಂಟ್ ಇಲ್ಲದವರಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ಗೀಚು. 1997ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರಿನ ನಾಲ್ಕನೆಯ ಆವೃತ್ತಿಯು ಪುಟದೊಡನೆ ಫಾಂಟನ್ನೂ ತರಿಸಿಕೊಳ್ಳುವ ಉಪಾಯವನ್ನು ತಂದಿತು. ಅದನ್ನು ಇತರ ಬ್ರೌಸರುಗಳು ಅಂಗೀಕರಿಸಲಿಲ್ಲವಾದುದರಿಂದ, ಭಾರತೀಯ ಭಾಷೆಗಳ ಅನೇಕ ಪುಟಗಳು ಅದೊಂದರಲ್ಲಿಯೇ ಸರಿಯಾಗಿ ಕಾಣುವಂತಾದುವು. ಹಳೆಯದನ್ನು ಬಿಡದಿರುವುದಕ್ಕೆ ಆಲಸ್ಯವೊಂದೇ ಕಾರಣವಲ್ಲವೆಂಬುದನ್ನು ವಾಚಕರು ಇದರಿಂದ ತಿಳಿಯಬಹುದು. ನುಡಿಯ ಮೇಲಣ ಪ್ರೀತಿ, ಪಳಗಿದ ಕೈ, ಹೊಸ ಯಂತ್ರದ ಬೆಲೆ, ಇವೂ ಕಾರಣಗಳೇ.

ಇನ್ನು ಅಪಾಯದ ವಿಚಾರ. ಬ್ರೌಸರು ಪುಟವನ್ನು ತೋರಿಸುವುದಷ್ಟೇ ಅಲ್ಲದೆ, ಅಪರಿಚಿತರು ಬರೆದ ಆಜ್ಞೆಗಳನ್ನು ನಮ್ಮ ಯಂತ್ರದಲ್ಲಿ ನಡೆಯಿಸುತ್ತದೆ. ಅದರಲ್ಲಿ ದೋಷವು ಕಂಡುಬಂದರೆ ತಯಾರಕರು ಅಪ್‌ಡೇಟ್ ಎಂಬ ತಿದ್ದುಪಡಿಯನ್ನು ಹೊರಡಿಸುವರು. ಆ ತಿದ್ದುಪಡಿಯನ್ನು ಪರೀಕ್ಷಿಸಿ ಬಿರುಕು ಎಲ್ಲಿತ್ತೆಂಬುದನ್ನು ಕಳ್ಳರೂ ಅರಿಯುವರು. ಆಗ ತಿದ್ದಿಕೊಳ್ಳದವನ ಮನೆಯೇ ಸುಲಭದ ಗುರಿ. 2010ರ ಜನವರಿಯಲ್ಲಿ ಗೂಗಲ್ ಮೊದಲಾದ ಸಂಸ್ಥೆಗಳ ಮೇಲೆ ನಡೆದ ದಾಳಿಯು ಬಯಲಾದಾಗ, ಎಕ್ಸ್‌ಪ್ಲೋರರಿನ ದೋಷವೊಂದು ಅದಕ್ಕೆ ದಾರಿಯಾಗಿತ್ತೆಂದು ತಿಳಿಯಿತು. 2001ರ ಆರನೆಯ ಆವೃತ್ತಿಯನ್ನೇ ಬಳಸುತ್ತಿದ್ದವರು ಅದಕ್ಕೆ ಈಡಾದರು. ಜರ್ಮನಿ ಮತ್ತು ಫ್ರಾನ್ಸ್ ಸರಕಾರಗಳ ರಕ್ಷಣಾಸಂಸ್ಥೆಗಳು ಬೇರೆ ಬ್ರೌಸರನ್ನು ಬಳಸಿರೆಂದು ಪ್ರಜೆಗಳಿಗೆ ಸೂಚಿಸಿದುವು.

ಲಿಂಗಸುಗೂರು ತಾಲೂಕಿನ ಮುದಗಲ್ಲ ಕೋಟೆಗೆ ಕಂದಕವುಂಟು, ಒಳಕೋಟೆಯುಂಟು. ಆದರೆ ಕಾವಲುಗಾರನಿಲ್ಲದ ಅಗಸೆಯು ಯಾರನ್ನು ತಡೆದೀತು? ವಿಂಡೋಸ್ ಎಕ್ಸ್‌ಪಿಯ ಕಾವಲು 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 10ರಲ್ಲಿ ಎಕ್ಸ್‌ಪ್ಲೋರರಿನದು 2022ರ ಜೂನ್ 15ರಂದು ಮುಗಿಯಿತು. ವಿಂಡೋಸ್ 7ರ ಯಂತ್ರಗಳಿಗೆ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು 2023ರಿಂದ ಬರುತ್ತಿಲ್ಲ. ಅವುಗಳಲ್ಲಿ ಕೆಲವು ಇಂದಿಗೂ ತೆರೆದುಕೊಳ್ಳುತ್ತವೆಂಬುದೇ ಮೋಸದ ಮೂಲ.

ಇಂದು ಯೂನಿಕೋಡಿನ ಕನ್ನಡವು ಎಲ್ಲ ಹೊಸ ಬ್ರೌಸರುಗಳಲ್ಲಿಯೂ ಶುದ್ಧವಾಗಿ ಕಾಣುವುದರಿಂದ ಹಿಂದಿನ ಕಾರಣವು ಉಳಿದಿಲ್ಲ. ಸಿಂಧನೂರಿನ ಭತ್ತದ ಹಣವಾಗಲಿ, ಹೊಲದ ಪಹಣಿಯಾಗಲಿ ಅಂತರ್ಜಾಲದ ಮೂಲಕವೇ ನಮ್ಮ ಕೈಸೇರುವ ಈ ದಿನಗಳಲ್ಲಿ, ಕಾವಲಿಲ್ಲದ ಬ್ರೌಸರಿನಲ್ಲಿ ಬ್ಯಾಂಕಿನ ಗುಪ್ತಪದವನ್ನು ಬರೆಯತಕ್ಕದ್ದಲ್ಲ. ಹಳೆಯ ಯಂತ್ರವನ್ನು ಎಸೆಯಬೇಕೆಂದಿಲ್ಲ. ಜಾಲದ ಸಂಪರ್ಕವನ್ನು ಕಳಚಿ ಬರವಣಿಗೆಗೆ ಇರಿಸಿಕೊಳ್ಳಬಹುದು.