ಕೆರೆಯ ಅಗೆತವೂ ಸರಾಸರಿಯ ಲೆಕ್ಕವೂ



ನಿಮ್ಮಲ್ಲಿ ಹಲವರು ಇಂದು ಪ್ರಯೋಗಾಲಯಗಳಲ್ಲಿಯೂ ಕಛೇರಿಗಳಲ್ಲಿಯೂ ಅಂಕಿಗಳ ಸಾಲುಗಳನ್ನು ಕಂಪ್ಯೂಟರಿನಲ್ಲಿ ತುಂಬಿ ಕ್ಷಣಾರ್ಧದಲ್ಲಿ ಸರಾಸರಿ ಪಡೆಯುತ್ತೀರಿ. ಈ ಸರಾಸರಿಯ ವಿದ್ಯೆಯು ಪಾಶ್ಚಾತ್ಯರಿಂದ ಬಂದುದೆಂದು ಅನೇಕರ ನಂಬಿಕೆ. ಆದರೆ ನಮ್ಮಲ್ಲಿ ಅದು ಮಣ್ಣು ಅಗೆಯುವ ಲೆಕ್ಕದೊಡನೆ ಬಹಳ ಹಿಂದೆಯೇ ಬೆಳೆದಿತ್ತು.

ಜಡೆಯ ಸೀಮೆಯವರಿಗೆ ಕೆರೆಯ ವಿಷಯವನ್ನು ವಿವರಿಸಬೇಕಾಗಿಲ್ಲ. ಸೊರಬ, ಶಿಕಾರಿಪುರ ತಾಲ್ಲೂಕುಗಳೆರಡೂ ಕೆರೆಗಳ ನಾಡು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು, ಕದಂಬರ ಕಾಕುಸ್ಥವರ್ಮನು ಅಲ್ಲಿನ ದೇವಾಲಯದ ಬಳಿ ಕೆರೆ ಕಟ್ಟಿಸಿದ ಸಂಗತಿಯನ್ನು 5ನೆಯ ಶತಮಾನದಲ್ಲಿಯೇ ದಾಖಲಿಸಿದೆ. ಯಾವ ಕೆರೆಯೂ ಪೆಟ್ಟಿಗೆಯಂತೆ ಇರುವುದಿಲ್ಲ. ಮೇಲೆ ಅಗಲ, ತಳದಲ್ಲಿ ಕಿರಿದು. ಒಂದೆಡೆ ಆಳ, ಇನ್ನೊಂದೆಡೆ ದಿಣ್ಣೆ. ಹಾಗಾದರೆ ಅಗೆದ ಮಣ್ಣೆಷ್ಟೆಂದು ಹೇಳುವುದು ಹೇಗೆ?

ಇದಕ್ಕೆ ಉತ್ತರ ಕೊಟ್ಟವರಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಪ್ರಮುಖನು. ಸುಮಾರು 850ರಲ್ಲಿ ಅವನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಅಗೆತಕ್ಕೆಂದೇ 'ಖಾತವ್ಯವಹಾರ'ವೆಂಬ ಅಧ್ಯಾಯವಿದೆ. ಮೇಲಿನ ಮತ್ತು ತಳದ ಅಳತೆಗಳನ್ನು ಕೂಡಿಸಿ ಅರ್ಧ ಮಾಡಿ, ಆ ಅರ್ಧಗಳನ್ನೆಲ್ಲ ಕೂಡಿಸಿ ಅವುಗಳ ಸಂಖ್ಯೆಯಿಂದ ಭಾಗಿಸಬೇಕೆಂದು ಅವನು ಹೇಳುತ್ತಾನೆ. ಇದು ಶುದ್ಧವಾದ ಸರಾಸರಿಯೇ. ಈ ಗ್ರಂಥವನ್ನು ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ನಮ್ಮ ಜಿಲ್ಲೆಯ ಹೊಂಬುಜದಿಂದಲೇ ಹೊರಬಂದಿತು.

ಆದರೆ ಸರಾಸರಿಯನ್ನು ಯಾವ ಹಂತದಲ್ಲಿ ತೆಗೆಯಬೇಕು? ಒಂದು ಚೌಕ ಗುಂಡಿಯನ್ನು ಊಹಿಸಿಕೊಳ್ಳಿ. ಮೇಲಿನ ಬಾಹು 6 ಮೀಟರ್, ತಳದ ಬಾಹು 2 ಮೀಟರ್, ಆಳ 3 ಮೀಟರ್. ಬಾಹುಗಳ ಸರಾಸರಿ 4. ಅದರ ವರ್ಗ 16. ಆಳದಿಂದ ಗುಣಿಸಿದರೆ 48 ಘನ ಮೀಟರ್. ಇದಕ್ಕೆ ಮಹಾವೀರನು 'ಕರ್ಮಾಂತಿಕ' ಫಲವೆನ್ನುತ್ತಾನೆ. ಮೊದಲು ಕ್ಷೇತ್ರಫಲಗಳನ್ನು ಕಂಡುಹಿಡಿದು ಸರಾಸರಿ ತೆಗೆದರೋ? 36 ಮತ್ತು 4ರ ಸರಾಸರಿ 20; ಆಗ 60 ಘನ ಮೀಟರ್. ಇದು 'ಔಂಡ್ರ' ಫಲ. ಅಂಕಿಗಳು ಅವೇ, ಸರಾಸರಿಯೂ ಸರಿಯೇ, ಉತ್ತರ ಮಾತ್ರ ಎರಡು! ಇವೆರಡರ ವ್ಯತ್ಯಾಸವಾದ 12ರ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಸೇರಿಸಿದರೆ 52 ಬರುತ್ತದೆ. ಅದೇ 'ಸೂಕ್ಷ್ಮ' ಫಲ, ಅಂದರೆ ನಿಜವಾದ ಉತ್ತರ. 628ರ ಬ್ರಹ್ಮಗುಪ್ತನ ಗ್ರಂಥದಲ್ಲಿಯೂ ಇದೇ ಕ್ರಮವಿದೆ.

ಘನ ಮೀಟರಿನ ಲೆಕ್ಕದಲ್ಲಿ ಕೂಲಿ ಕೊಡುವಾಗ ಈ ವ್ಯತ್ಯಾಸ ಸಣ್ಣದಲ್ಲ. 48 ಎಂದರೆ ಬಿಸಿಲಿನಲ್ಲಿ ಅಗೆದವನ 4 ಘನ ಮೀಟರಿನ ದುಡಿಮೆ ಮುಳುಗಿತು. 60 ಎಂದರೆ ಕೊಡುವವನಿಗೆ 8ರ ನಷ್ಟ.

ಮುಂದೆ 1150ರಲ್ಲಿ ಭಾಸ್ಕರಾಚಾರ್ಯನು 'ಲೀಲಾವತಿ'ಯಲ್ಲಿ, ಹಲವು ಸ್ಥಳಗಳಲ್ಲಿ ಅಳೆದು, ಕೂಡಿಸಿ, ಸ್ಥಳಗಳ ಸಂಖ್ಯೆಯಿಂದ ಭಾಗಿಸಬೇಕೆಂದನು. ಅಳೆಯುವ ಸ್ಥಳಗಳು ಹೆಚ್ಚಿದಷ್ಟೂ ಫಲವು ಸೂಕ್ಷ್ಮವಾಗುವುದೆಂದು 1545ರಲ್ಲಿ ಅದರ ವ್ಯಾಖ್ಯಾನಕಾರ ಗಣೇಶ ದೈವಜ್ಞನು ವಿವರಿಸಿದನು. ಯೂರೋಪಿನಲ್ಲಿ, ಒಂದೇ ಒಳ್ಳೆಯ ವೀಕ್ಷಣೆಗಿಂತ ಹಲವು ವೀಕ್ಷಣೆಗಳ ಸರಾಸರಿ ಮೇಲೆಂದು ಥಾಮಸ್ ಸಿಂಪ್ಸನ್ನನು ಗಣಿತದಿಂದ ವಾದಿಸಿದ್ದು 1755ರಲ್ಲಿ.

ಕಂಪ್ಯೂಟರಿನ ಮುಂದೆ ಕುಳಿತಾಗಲೂ ಪ್ರಶ್ನೆ ಅದೇ. ಅಳತೆಗಳ ಸರಾಸರಿ ತೆಗೆದು ವರ್ಗ ಮಾಡಬೇಕೋ, ವರ್ಗ ಮಾಡಿ ಸರಾಸರಿ ತೆಗೆಯಬೇಕೋ ಎಂಬುದನ್ನು ಯಂತ್ರವು ಕೇಳುವುದಿಲ್ಲ. ಕೆರೆಯ ನೀರಿನ ಮಟ್ಟವನ್ನು ಒಬ್ಬನು ತಿಂಗಳ 1, 8, 15ರಂದು, ಇನ್ನೊಬ್ಬನು 3, 10, 17ರಂದು ಅಳೆದಿದ್ದರೆ, ಆ ಎರಡು ಸಾಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನೇರವಾಗಿ ಸರಾಸರಿ ತೆಗೆಯಬಾರದು. ನಡುವಿನ ಬೆಲೆಗಳನ್ನು ಅಂದಾಜಿಸಿ ಎರಡನ್ನೂ ಒಂದೇ ದಿನಾಂಕಗಳಿಗೆ ತರಬೇಕು. ಅಳೆಯದ ದಿನದ ಮನೆಯನ್ನು ಖಾಲಿ ಬಿಡಬೇಕು, ಸೊನ್ನೆ ತುಂಬಬಾರದು. ಎಕ್ಸೆಲ್ಲಿನ ಸರಾಸರಿಯ ಸೂತ್ರವು ಖಾಲಿ ಮನೆಯನ್ನು ಬಿಟ್ಟು ಲೆಕ್ಕ ಮಾಡುತ್ತದೆ. ಸೊನ್ನೆಯನ್ನಾದರೋ ಅಳತೆಯೆಂದೇ ಎಣಿಸುತ್ತದೆ.

ಭಾಗಿಸುವ ಶ್ರಮವನ್ನು ಯಂತ್ರಕ್ಕೆ ಬಿಡಿ. ಯಾವುದನ್ನು, ಯಾವಾಗ ಕೂಡಿಸಬೇಕೆಂಬ ವಿವೇಚನೆ ನಿಮ್ಮದಾಗಿರಲಿ.